ಕೈ ಎಟಕುವವರೆಗೆ

“ಹೆಂಡ್ತಿ ಬಂದಾರೇನ್ರಿ? ಆಪರೇಷನ್ನಿಗೆ ಇಲ್ಲೊಂದು ಸಹಿ ಬೇಕಾಗೇತಿ,” ಎಂದು ನರ್ಸ್ ಕಾಗದ ಚಾಚಿದಳು. ಮಂಚದ ಮೇಲೆ ಎಡಮಗ್ಗುಲಾಗಿ ಮಲಗಿದ್ದ ತಮ್ಮ ಲಕ್ಷ್ಮಣನ ಮುಖ ನೋಡುವ ಧೈರ್ಯವಾಗದೆ ಅನುಸೂಯಾ ಊಟದ ಡಬ್ಬಿಯ ಮುಚ್ಚಳ ತಿರುವುತ್ತ ನಿಂತಳು.

ಒಂಬತ್ತು ದಿನಗಳ ಹಿಂದೆ, ಹಾರೂಗೇರಿಯ ಸಂತೆ ಮುಗಿಸಿ ಲಕ್ಷ್ಮಣ, ಹೆಂಡತಿ ಕೋಮಲ ಇಬ್ಬರೂ ಬೈಕಿನಲ್ಲಿ ಕಬ್ಬೂರಿಗೆ ಮರಳುವಾಗ, ಮಸುಕು ಸಂಜೆಯಲ್ಲಿ ದೀಪವಿಲ್ಲದೆ ನಿಂತಿದ್ದ ಕಬ್ಬಿನ ಟ್ರೇಲರಿಗೆ ಬಡಿದಿದ್ದರು. ಕೋಮಲ ಅಲ್ಲೇ ತೀರಿಕೊಂಡಳು. ಲಕ್ಷ್ಮಣನ ಬಲಹೆಗಲ ಹಿಂದಿನ ಅಗಲ ಎಲುಬು ಮೂರು ತುಂಡಾಗಿತ್ತು. ಪಕ್ಕೆಲುಬು ಮುರಿದು ಎದೆಯೊಳಗೆ ರಕ್ತ ಸೇರಿತ್ತು. ಎದೆಗೆ ಹಾಕಿದ ನಳಿಕೆ ತೆಗೆಯುವವರೆಗೂ ಹೆಗಲು ಮುಟ್ಟುವಂತಿಲ್ಲ ಎಂದಿದ್ದರು ಚಿಕ್ಕೋಡಿಯ ಡಾಕ್ಟರು.

“ಈ ಎಲುಬಿಗೆ ಬಹಳ ಮಂದಿಗೆ ಆಪರೇಷನ್ ಬೇಕಾಗೂದಿಲ್ರಿ. ಕೈ ಕೊರಳಾಗ ಕಟ್ಟಿ ಬಿಟ್ರ ಕೂಡ್ತೈತಿ. ಇವ್ರದು ಕೀಲಿನ ತನಾ ಸೀಳೇತಿ. ಪ್ಲೇಟ್ ಹಾಕ್ಲಿಲ್ಲಂದ್ರ ಕೈ ಮ್ಯಾಲೇಳೂದಿಲ್ಲ.”

ಹೆಂಡತಿ ಸತ್ತ ಸುದ್ದಿ ತಿಳಿದರೆ ತಮ್ಮ ಆಪರೇಷನ್ನೇ ಬೇಡವೆಂದಾನು ಎಂದು ಅನುಸೂಯಾ ಹೆದರಿದಳು. ಕೋಮಲಳನ್ನು ಮಿರಜದ ಆಸ್ಪತ್ರೆಗೆ ಒಯ್ದಿದ್ದಾರೆ, ಕಾಲಿಗಷ್ಟೇ ಪೆಟ್ಟು ಎಂದಳು. ಆಮೇಲೆ ಸುಳ್ಳು ದಿನದಿನಕ್ಕೂ ಬೆಳೆಯಿತು. ಇವತ್ತು ಗಂಜಿ ಕುಡಿದಳಂತೆ. ನಿನ್ನೆ ಎದ್ದು ಕೂತು ಮನೆಯ ಕುರಿಗಳು ಹೇಗಿವೆ ಎಂದು ಕೇಳಿದಳಂತೆ. ಲಕ್ಷ್ಮಣ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ತಾನಾಗಿ ಒಂದು ಮಾತೂ ವಿಚಾರಿಸುತ್ತಿರಲಿಲ್ಲ.

“ನಮ್ಮ ಅಕ್ಕ ಸಹಿ ಮಾಡ್ತಾಳ್ರಿ,” ಎಂದ ಅವನು ಈಗ ನರ್ಸ್‌ಗೆ.

ಅನುಸೂಯಾ ಸಹಿ ಹಾಕಿದಳು. ನರ್ಸ್ ಹೋದಮೇಲೆ ಅವನು ಕೇಳಿದ:

“ಮಣ್ಣ ಎಲ್ಲಿ ಮಾಡಿದ್ರಿ ಯಕ್ಕಾ?”

ಅವಳು ಮಂಚದ ಕಂಬಿ ಹಿಡಿದುಕೊಂಡಳು. “ನಮ್ಮ ಹೊಲದಾಗ. ಬಾವಿ ಹತ್ರ,” ಎಂದಳು. “ನಿನಗ ಯಾರ್ ಹೇಳಿದ್ರೋ ತಮ್ಮಾ?”

“ಯಾರ್ ಹೇಳ್ಬೇಕ? ಮಂದಿ ಬರೂತನಾ ಅಕಿ ಕೈ ನನ್ನ ಎಡಗೈಯಾಗ ಇತ್ತ. ತಣ್ಣಗ ಆಗಿದ್ದು ತಿಳೀತ.”

“ಮತ್ತ... ದಿನಾ ಸುಮ್ನ ಕೇಳ್ತಿದ್ದೆಲ್ಲೋ!”

“ನೀ ಹೇಳೂತನಾ ಅಕಿ ಮಿರಜದಾಗ ಇದ್ಲಲ್ಲ ಯಕ್ಕಾ. ಗಂಜಿ ಕುಡೀತಿದ್ಲು.”

ಅವನಿಗೆ ಅಳುವುದೂ ಆಗಲಿಲ್ಲ. ಬಿಕ್ಕಿದರೆ ಮುರಿದ ಪಕ್ಕೆ ಚುಚ್ಚುತ್ತಿತ್ತು. ಉಸಿರನ್ನು ಚೂರುಚೂರಾಗಿ ಬಿಡುತ್ತ ಮಲಗಿದ. ಮೂಗಿನ ಪಕ್ಕದಿಂದ ಕಣ್ಣೀರು ಹರಿದು ದಿಂಬು ಸೇರಿತು. ಅನುಸೂಯಾ ಸೆರಗಿನಿಂದ ಒರೆಸಿದಳು.

ಮರುದಿನ ಅವನನ್ನು ಬೋರಲು ಮಲಗಿಸಿ, ಬೆನ್ನು ಕೊಯ್ದು, ತುಂಡುಗಳನ್ನು ಕೂಡಿಸಿ ಎರಡು ಪ್ಲೇಟು ಕೂರಿಸಿದರು. ಮೂರು ತಾಸು ಹಿಡಿಯಿತು. ಎಲುಬು ಚೆನ್ನಾಗಿ ಕೂತಿದೆ, ಇನ್ನು ಕೈ ಏರುವುದು ಅವನ ಮೇಲೆಯೇ ಇದೆ ಎಂದರು ಡಾಕ್ಟರು.

ಕೈಗೆ ಕಟ್ಟಿದ ಪಟ್ಟಿ ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಟ್ಟರು: ಗೋಡೆಗೆ ಮುಖಮಾಡಿ ನಿಂತು, ಬೆರಳುಗಳನ್ನು ಒಂದೊಂದೇ ಮೇಲೆ ಹತ್ತಿಸಬೇಕು. ಕಬ್ಬೂರಿನ ಮನೆಯ ಪಡಸಾಲೆಯಲ್ಲಿ ಅವನು ದಿನಕ್ಕೆ ಮೂರು ಸಲ ನಿಂತ. ಮೊದಲ ವಾರ ಕೈ ಎದೆಯ ಮಟ್ಟ ದಾಟಲಿಲ್ಲ. ನೋವಿಗೆ ಬೆವರುತ್ತಿದ್ದ. ಆಮೇಲೆ ಗದ್ದ, ಹಣೆ.

ಆ ಗೋಡೆಗೆ ದೀಪಾವಳಿಗೆಂದು ಕೋಮಲ ಸುಣ್ಣ ಬಳಿದಿದ್ದಳು, ತನ್ನ ಕೈ ಎಟಕಿದಷ್ಟು. ಮೇಲಿನದು ನಿನ್ನ ಪಾಲಿಂದು ಎಂದು ಗಂಡನಿಗೆ ಬಿಟ್ಟಿದ್ದಳು. ಅವನು ನಾಳೆ, ನಾಳೆ ಎನ್ನುತ್ತಿದ್ದ. ಮೇಲೆ ಹಳೆಯ ನೀಲಿ ಬಣ್ಣ ಹೊಗೆ ಹಿಡಿದು ಹಾಗೇ ಉಳಿದಿತ್ತು.

ಎರಡು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಅವನ ಬೆರಳುಗಳು ಬಿಳುಪು ಮುಗಿಯುವಲ್ಲಿಗೆ ಬಂದವು. ಅಲ್ಲಿ ಕೋಮಲ ಕುಂಚ ತಿರುಗಿಸಿದ ಗುರುತುಗಳು ಏರುತಗ್ಗಾಗಿ ಸಾಲಾಗಿದ್ದವು.

“ಚಹಾ ಆರತೈತೋ ತಮ್ಮಾ,” ಎಂದಳು ಅನುಸೂಯಾ ಒಳಗಿನಿಂದ.

ಲಕ್ಷ್ಮಣ ಅಲುಗಲಿಲ್ಲ. ಕೈ ಇಳಿಸದೆ, ಬೆರಳ ತುದಿಗಳನ್ನು ಆ ಅಂಚಿನ ಮೇಲೆ ಇಟ್ಟುಕೊಂಡೇ ನಿಂತಿದ್ದ.