ನಾಳೆರಾಯರ ಮೇಲಿನ ದಾವೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ತಂಗಿ ಊರಿಗೆಲ್ಲ ಹೇಳಿಕೊಂಡು ಬಂದಿದ್ದಾಳೆ. ಇರಲಿ. ನಾಳೆರಾಯರಂಥವರ ಕಟ್ಟಡದಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡವಳಿಗೆ ಅದು ಇನ್ನೆಲ್ಲಿರಬೇಕು? ಕಟ್ಟಡದ ಮಾಲೀಕರಿಗೆ ಆ ಹೆಸರಿಟ್ಟವಳು ನಾನೇ. ಅಂಗಡಿಯ ಶಟರಿನ ಸ್ಪ್ರಿಂಗು ಹೋಗಿದೆ, ಎತ್ತಿದರೆ ಮೇಲೆ ನಿಲ್ಲುವುದಿಲ್ಲ, ಒಂದು ದಿನ ಯಾರ ತಲೆಯ ಮೇಲಾದರೂ ಬೀಳುತ್ತದೆ ಎಂದು ಬಾಡಿಗೆ ಕೊಡಲು ಹೋದಾಗಲೆಲ್ಲ ಹೇಳುತ್ತಿದ್ದೆ. ಅವರು ಪ್ರತಿ ಸಲವೂ ನಗುತ್ತ, ನಾಳೆ ಮಾಡಿಸೋಣ ಅನ್ನುತ್ತಿದ್ದರು. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ.

ಶಟರು ಯಾರ ತಲೆಯ ಮೇಲೂ ಬೀಳಲಿಲ್ಲ. ಬಟ್ಟೆಗೆ ಗೆರೆ ಹಾಕುವ ಸೀಮೆಸುಣ್ಣ ಹೊಸಿಲಿನ ಹತ್ತಿರ ಬಿದ್ದಿತ್ತು. ಎತ್ತಿಕೊಳ್ಳಲು ಬಗ್ಗಿ ಕೈ ಚಾಚಿದೆ, ಅಷ್ಟೇ. ಶಟರು ಸರ್ರನೆ ಜಾರಿ ಬಿದ್ದು ಬಲಗೈ ಹೆಬ್ಬೆರಳಿನ ಬುಡ ಜಜ್ಜಿಹೋಯಿತು. ನಾನು ಹೊಲಿಯುವವಳಲ್ಲ, ಕತ್ತರಿಸುವವಳು. ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು, ಕತ್ತರಿಸಿದ್ದು ಕತ್ತರಿಸಿದ್ದೇ. ಕೋಟಿನ ದಪ್ಪ ಬಟ್ಟೆಗೆ ಕತ್ತರಿ ಇಟ್ಟರೆ ಅದರ ಭಾರವೆಲ್ಲ ಹೆಬ್ಬೆರಳ ಮೇಲೆ.

ನಾಳೆರಾಯರು ಆಸ್ಪತ್ರೆಗೆ ಒಂದು ಬುಟ್ಟಿ ಹಣ್ಣು ಕಳಿಸಿದರು. ಜೊತೆಗೆ, ಶಟರು ಹಾಳಾಗಿದೆ ಅಂತ ಗೊತ್ತಿದ್ದೂ ಅದರಡಿ ಕೈ ಇಟ್ಟದ್ದು ಯಾರ ತಪ್ಪು ಎಂಬ ಮಾತನ್ನೂ ಕಳಿಸಿದರು. ಹಣ್ಣನ್ನು ತಂಗಿ ತಿಂದಳು. ಆ ಮಾತು ಮಾತ್ರ ನನ್ನ ಗಂಟಲಲ್ಲೇ ಕೂತಿತು. ಬ್ಯಾಂಡೇಜು ಬಿಚ್ಚಿದ ಮಾರನೆಯ ದಿನ ಲಾಯರ ಆಫೀಸಿಗೆ ಹೊರಟೆ.

"ಬೇಡಕ್ಕ. ಕೋರ್ಟಿಗೆ ಹೋದ್ರೆ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ," ಎಂದಳು ತಂಗಿ.

ಹಾಗಾದರೆ ಸಾಯುತ್ತೇನೆ ಬಿಡು, ಆದರೆ ಅವರನ್ನು ಕಟಕಟೆ ಹತ್ತಿಸಿಯೇ ಸಾಯುತ್ತೇನೆ ಅಂದೆ.

ಲಾಯರು ಚಿಕ್ಕ ವಯಸ್ಸಿನವರು, ಒಳ್ಳೆಯವರು. ಅವರ ಕೋಟಿನ ಭುಜ ಮಾತ್ರ ಯಾವನೋ ಕಣ್ಣು ಮುಚ್ಚಿಕೊಂಡು ಕತ್ತರಿಸಿದ್ದು. ನಿರ್ಲಕ್ಷ್ಯ, ಗಾಯ, ಪರಿಹಾರ ಎಂದು ಅವರು ದಾವೆ ಬರೆಯುತ್ತಿದ್ದರೆ ನಾನು ಆ ಭುಜವನ್ನೇ ನೋಡುತ್ತಿದ್ದೆ. ಕೋರ್ಟಿನಲ್ಲಿ ಬಲಗೈ ಆಡಿಸಬೇಡಿ, ಮುಖ್ಯವಾಗಿ ರೇಗಬೇಡಿ ಎಂದು ಬುದ್ಧಿ ಹೇಳಿ ಕಳಿಸಿದರು.

ಆಮೇಲೆ ಶುರುವಾದವು ನೋಡಿ, ಆ ಮಧ್ಯಾಹ್ನಗಳು. ನೋವಿನ ಮಾತ್ರೆ ನುಂಗಿ ಮಲಗಿದರೆ ನಿದ್ದೆಯೂ ಅಲ್ಲ, ಎಚ್ಚರವೂ ಅಲ್ಲ. ಗೋಡೆಯ ಮೇಲೆ ಬಿಸಿಲು ನಿಧಾನವಾಗಿ ಸರಿಯುತ್ತಿತ್ತು. ಅದೇ ಬಟ್ಟೆಯಾಗಿ ಇಳಿದು ಬಂದು ನನ್ನ ಮೇಜಿನ ಮೇಲೆ ಹಾಸಿಕೊಳ್ಳುತ್ತಿತ್ತು. ಒಂದು ಸುಕ್ಕಿಲ್ಲ. ನಾನು ಕತ್ತರಿ ಇಟ್ಟರೆ ಸಾಕು, ಕರಕರ ಎಂದು ತಾನೇ ದಾರಿ ಮಾಡಿಕೊಂಡು ಹೋಗುವುದು. ಅಳತೆ ಕೊಡಲು ಎಂದೋ ಬಂದವರೆಲ್ಲ ಸಾಲಾಗಿ ಬಂದು ಸುಮ್ಮನೆ ನಿಲ್ಲುವರು. ಒಂದು ಸಲ ನಾಳೆರಾಯರೂ ಬಂದರು. ಅವರ ಭುಜಕ್ಕೆ ಟೇಪು ಹಿಡಿದೆ. ಅವಸರವಿಲ್ಲ, ನಾಳೆ ಕೊಡಿ ಅಂದರು. ಕನಸಿನಲ್ಲಿ ನನಗೆ ಕೋಪವೇ ಬರುತ್ತಿರಲಿಲ್ಲ. ಕೈ ಇದ್ದವಳಿಗೆ ಕೋಪ ಯಾಕೆ?

ಎಚ್ಚರವಾದಾಗ ಮಾತ್ರ ಚೀಲದಲ್ಲಿದ್ದ ಕತ್ತರಿಗೆ ಬೆರಳು ಹಾಕುತ್ತಿರಲಿಲ್ಲ. ಗಾಯ ಮಾಯ್ದಿತ್ತು, ಹೆಬ್ಬೆರಳು ನೋಡಲು ನೆಟ್ಟಗಿತ್ತು. ಒಂದು ಸಲ ಹಿಡಿದು ನೋಡಬಾರದಾ ಎಂದ ತಂಗಿಯ ಮೇಲೆ ಹರಿಹಾಯ್ದೆ. ಹಿಡಿದು ನೋಡಿ ಆಗದಿದ್ದರೆ? ಹೆದರಿದ್ದೆ, ಅಷ್ಟೇ. ನೋಡದೆ ಇರುವವರೆಗೆ ಆ ಕೈ ನನ್ನದೇ.

ವಿಚಾರಣೆಯಲ್ಲಿ ಇಬ್ಬರು ಡಾಕ್ಟರು ಬಂದರು. ಈ ಹೆಬ್ಬೆರಳಿಗೆ ಶಕ್ತಿ ಬರುವುದಿಲ್ಲ ಎಂದರು ನಮ್ಮ ಕಡೆಯವರು. ಅವರನ್ನು ಕಂಡು ನನಗೆ ಮೈ ಉರಿಯಿತು. ಕೈ ಸರಿಯಾಗಿದೆ, ಈಕೆ ಬೇಕೆಂದೇ ಕೆಲಸಕ್ಕೆ ಹೋಗುತ್ತಿಲ್ಲ ಎಂದರು ನಾಳೆರಾಯರ ಕಡೆಯ ಡಾಕ್ಟರು. ನನ್ನನ್ನು ಸುಳ್ಳಿ ಅನ್ನುತ್ತಿದ್ದ ಆ ಮನುಷ್ಯನ ಬಾಯಿಗೆ ಸಕ್ಕರೆ ಹಾಕೋಣ ಅನ್ನಿಸಿತು.

ಕೊನೆಗೆ ನನ್ನ ಸರದಿ. ನಾಳೆರಾಯರ ಲಾಯರು ತಮ್ಮ ಬಿಳಿ ಕರವಸ್ತ್ರವನ್ನು ಮೇಜಿನ ಮೇಲೆ ಹಾಸಿದರು. ಗುಮಾಸ್ತರ ಹತ್ತಿರವಿದ್ದ ಪುಟ್ಟ ಕತ್ತರಿ ಇಸಿದುಕೊಂಡು, ಎಲ್ಲಿ, ಇದನ್ನು ಕತ್ತರಿಸಿ ತೋರಿಸಿ ಎಂದು ನನ್ನ ಮುಂದಿಟ್ಟರು. ಬೇಡ ಎಂದು ನಮ್ಮ ಲಾಯರು ತಲೆಯಾಡಿಸಿದರು. ಆದರೆ ಆ ಕತ್ತರಿ ನೋಡಿ ನನಗೆ ತಡೆಯಲಾಗಲಿಲ್ಲ.

"ಇದು ಕಾಗದದ ಕತ್ತರಿ. ಬಟ್ಟೆಗೆ ಇದನ್ನ ಯಾರಾದ್ರೂ ಇಡ್ತಾರಾ?" ಎಂದವಳೇ ಚೀಲಕ್ಕೆ ಕೈ ಹಾಕಿ ನನ್ನ ಕತ್ತರಿ ತೆಗೆದಿಟ್ಟೆ. ಕತ್ತರಿಸುವವರು ತಮ್ಮ ಕತ್ತರಿಯನ್ನು ಎಲ್ಲೂ ಬಿಟ್ಟು ಬರುವುದಿಲ್ಲ. ಬೇರೆಯವರ ಕೈ ಬಿದ್ದರೆ ಅದರ ಬಾಯಿ ಕೆಡುತ್ತದೆ. ನಮಗೆ ಅದು ಉಸಿರಾಡಿದಷ್ಟೇ ರೂಢಿ. ನಮ್ಮ ಲಾಯರು ಹಣೆ ಹಿಡಿದುಕೊಂಡರು.

"ಕತ್ತರಿಸೋಕಾಗದ ಕೈ ಕತ್ತರಿ ಹೊತ್ಕೊಂಡು ಯಾಕಮ್ಮ ತಿರುಗುತ್ತೆ?" ಎಂದರು ಆ ಲಾಯರು. ಕೋರ್ಟೆಲ್ಲ ನಕ್ಕಿತು. ನಾಳೆರಾಯರೂ ನಕ್ಕರು.

ಇಷ್ಟವಿದ್ದರೆ ಮಾತ್ರ ಮಾಡಿ, ಬಲವಂತವಿಲ್ಲ ಎಂದರು ನ್ಯಾಯಾಧೀಶರು, ದೊಡ್ಡಮ್ಮನ ವಯಸ್ಸಿನ ಹೆಂಗಸು.

ಮೇಲೆ ಫ್ಯಾನು ತಿರುಗುತ್ತಿತ್ತು. ಕಿಟಕಿಯ ಬಿಸಿಲು ಕರವಸ್ತ್ರದ ಮೇಲೆ ಬಿದ್ದಿತ್ತು. ಜನರ ಮಾತು ದೂರ ದೂರ ಸರಿದು, ಪಕ್ಕದ ಬೀದಿಯಲ್ಲೆಲ್ಲೋ ಯಾರೋ ಆಡುತ್ತಿರುವಂತೆ ಕೇಳಿಸಿತು. ನಾನು ಮಲಗಿದ್ದೇನೋ ಎದ್ದಿದ್ದೇನೋ ತಿಳಿಯಲಿಲ್ಲ. ಹೆಬ್ಬೆರಳನ್ನು ಕತ್ತರಿಯ ಹಿಡಿಯೊಳಗೆ ತೂರಿಸಿದೆ. ಕಬ್ಬಿಣ ತಣ್ಣಗಿತ್ತು, ಅದರ ಭಾರ ನನಗೆ ಗೊತ್ತಿದ್ದ ಭಾರವೇ. ಆಗ ನನಗೆ ದಾವೆ ಬೇಡವಾಗಿತ್ತು. ಈ ಕೈ ಬಟ್ಟೆ ಕತ್ತರಿಸಲಿ, ನಾಳೆರಾಯರು ಗೆದ್ದು ಮನೆಗೆ ಹೋಗಲಿ, ಊರೆಲ್ಲ ನನ್ನನ್ನು ಸುಳ್ಳಿ ಅನ್ನಲಿ ಎಂದು ಮನಸಾರೆ ಬೇಡಿಕೊಂಡೆ.

ಕತ್ತರಿ ಬಾಯಿ ತೆರೆಯಿತು. ಉಳಿದ ಬೆರಳುಗಳೇ ಅಷ್ಟು ಮಾಡಿದವು. ಮುಚ್ಚಲು ಹೆಬ್ಬೆರಳು ಬೇಕು. ಒತ್ತಿದೆ. ಉಸಿರು ಕಟ್ಟಿ ಒತ್ತಿದೆ. ಅದು ಅಲ್ಲೇ ಇತ್ತು, ಯಾರದೋ ಬೆರಳನ್ನು ತಂದು ಅಂಟಿಸಿದ ಹಾಗೆ. ಕತ್ತರಿ ವಾಲಿ ಮೇಜಿನ ಮೇಲೆ ಬಿತ್ತು. ಕರವಸ್ತ್ರ ಮುದುಡಿತು, ಅದರ ಒಂದು ನೂಲೂ ತುಂಡಾಗಿರಲಿಲ್ಲ.

ಯಾರೂ ನಗಲಿಲ್ಲ. ನಾಳೆರಾಯರು ಎದ್ದು ನಿಂತು, ಶಟರು ನಾನು ಮಾಡಿಸಬೇಕಿತ್ತು ಎಂದು ಮೆಲ್ಲಗೆ ಹೇಳಿದರು. ಅವರ ಲಾಯರು ಕೈ ಹಿಡಿದು ಕೂರಿಸಿದರು.

"ಸಾಕು ಅಕ್ಕಾ, ಗೆದ್ವಿ. ಕತ್ತರಿ ಒಳಗಿಡಿ," ಎಂದು ನಮ್ಮ ಲಾಯರು ಕಿವಿಯಲ್ಲಿ ಹೇಳಿದರು.

ನಾನು ಎಡಗೈಯಿಂದ ಕರವಸ್ತ್ರದ ಸುಕ್ಕು ಬಿಡಿಸಿ, ಅಂಚು ನೇರ ಮಾಡಿ ಮತ್ತೆ ಹಾಸಿದೆ. ಕಣ್ಣೀರು ಅದರ ಮೇಲೆ ಬೀಳದ ಹಾಗೆ ಮುಖ ಎತ್ತಿ ನ್ಯಾಯಾಧೀಶರನ್ನು ನೋಡಿದೆ.

"ಬಟ್ಟೆ ಸರಿಯಾಗಿ ಹಾಸಿರ್ಲಿಲ್ಲಮ್ಮ. ಇನ್ನೊಂದು ಸಲ ನೋಡ್ತೀನಿ."