ಬೋರ್ಡಿನ ಮೇಲಿನ ಸಾಲು

ರಾಮನಗರದಲ್ಲಿ ಸಿಂಧು ಶುರುಮಾಡಲಿದ್ದ ಭಾಷೆಯ ಕ್ಲಾಸಿಗೆ ಬೋರ್ಡು ಬರೆಸುವಾಗ ಅಣ್ಣ ಕನಕರಾಜು ತಗಾದೆ ತೆಗೆದ.

"ಜರ್ಮನ್ ಒಂದೇ ಸಾಕು ಕಣಮ್ಮಿ. ಆ ಇಥಿಯೋಪಿಯದ ಅಮ್ಹಾರಿಕ್ ಕಲಿಯಕ್ಕೆ ಯಾರ್ ಬತ್ತಾರೆ? ನೋಡ್ದೋರು ನಗ್ತಾರೆ."

ಜರ್ಮನ್ನನ್ನು ಸಿಂಧು ಕಲಿತದ್ದು ಫೀಸು ಕಟ್ಟಿ, ಪುಸ್ತಕದಲ್ಲಿ. ಅಮ್ಹಾರಿಕ್ ಕಲಿಸಿದವರು ಇಥಿಯೋಪಿಯದ ಗಾರ್ಮೆಂಟ್ಸಿನಲ್ಲಿ ಎರಡು ವರ್ಷ ಅವಳ ಜೊತೆ ದುಡಿದ ಹೆಂಗಸರು. ಮನೆಗೆ ಹೋದರೆ ಮೂರು ಸಲ ಕಾಫಿ ಕುಡಿಸದೆ ಕಳಿಸಿದವರಲ್ಲ.

"ಜರ್ಮನ್‌ನಲ್ಲಿ ನಂಗೆ ಸರ್ಟಿಫಿಕೇಟ್ ಐತೆ ಕಣಣ್ಣ. ಅಮ್ಹಾರಿಕ್‌ನಲ್ಲಿ ಜಗಳ ಆಡಿವ್ನಿ, ಜ್ವರ ಬಂದಾಗ ಅತ್ತಿವ್ನಿ. ನಗೋರು ಒಳಿಕ್ ಬಂದು ಎರಡನ್ನೂ ಒಸಿ ಕೇಳಿ, ಆಮೇಲ್ ನಗ್ಲಿ."

ಪೇಂಟರ್ ಯಾರ ಮಾತು ಕೇಳಲಿ ಎಂಬಂತೆ ನೋಡಿದ.

"ಅಮ್ಹಾರಿಕ್ ಮೇಲ್ಗಡೆ ಬರಿಯಣ್ಣ," ಎಂದಳು ಸಿಂಧು. "ದಪ್ಪಕ್ಕೆ."