ಯಮಪದದ ಬಾಗಿಲು

ಸತ್ಯನಾರಾಯಣ ಅವಧಾನಿಗಳು ಬಟ್ಟೆ ಒಣಹಾಕುವ ಹಗ್ಗವನ್ನು ಮನೆಯ ಮುಂಗೋಡೆಯ ಉದ್ದಕ್ಕೆ ಸರಿಯಾಗಿ ಎಳೆದು ಹಿಡಿದು, ವಾಸ್ತುವಿನ ಪದಕ್ಕೊಂದರಂತೆ ಒಂಬತ್ತು ಸಮಭಾಗವಾಗಿ ಮಡಿಸಿ, ಪೂರ್ವದ ಮೂಲೆಯಿಂದ ಮತ್ತೆ ಅಳೆಯುತ್ತ ಬಂದರು. ಐದನೆಯ ಮಡಿಕೆ ಬಾಗಿಲಿಗೆ ನೇರವಾಗಿ ಬಂದು ನಿಂತಿತು. ಅವರ ಮುಖ ಬಾಡಿತು. ದಕ್ಷಿಣದ ಬಾಗಿಲೆಂದರೆ ಸಾಕು, ಬೆಚ್ಚಿಬೀಳುವ ಅರೆಪಂಡಿತರಲ್ಲ ಅವರು. ದಕ್ಷಿಣದಲ್ಲಿಯೂ ನಾಲ್ಕನೆಯ ಪದ ಅನ್ನಪಾನಗಳನ್ನು ಹೆಚ್ಚಿಸುತ್ತದೆಂದು ಶಾಸ್ತ್ರವೇ ಹೇಳುವುದನ್ನು ಬಲ್ಲವರು. ಆದರೆ ಐದನೆಯ ಪದ ಯಮನದು.

"ಬಾಗಿಲನ್ನು ಎರಡು ಮೊಳ ಪೂರ್ವಕ್ಕೆ ಸರಿಸಬಹುದೇನೋ?" ಎಂದರು.

"ಒಂದು ಕಲ್ಲು ಅಲುಗಿಸೋ ಹಾಗಿಲ್ಲ ಅಪ್ಪ," ಎಂದ ಮಗ ಹೃಷಿಕೇಶ. "ಹೆರಿಟೇಜ್ ಲಿಸ್ಟ್‌ನಲ್ಲಿದೆ. ಪೇಂಟ್ ಮಾಡೋಕೂ ಪರ್ಮಿಷನ್ ಬೇಕು."

ಸೊಸೆ ಊರ್ಮಿಳಾ ವೈದ್ಯೆ. ಮೆಲ್ಬರ್ನಿನಿಂದ ಎರಡು ಗಂಟೆಯ ದಾರಿಯ ಈ ವಿನ್‌ಬರಾ, ಹಿಂದೆ ಚಿನ್ನ ಅಗೆಯಲು ಬಂದವರು ಕಟ್ಟಿದ ಪುಟ್ಟ ಊರು. ಇಲ್ಲಿಗೆ ಕಾಯಂ ವೈದ್ಯರಿಲ್ಲದೆ ವರ್ಷವಾಗಿತ್ತು. ಹಿಂದಿನ ವೈದ್ಯರೆಲ್ಲ ಬಾಳಿದ ಈ ಮನೆಯನ್ನು ಊರಿನ ಸಮಿತಿ ಹೊಸ ವೈದ್ಯರಿಗೇ ಮಾರುವುದೆಂದು ಕಾದಿರಿಸಿತ್ತು. ಇಂದು ಮಧ್ಯಾಹ್ನ ಎರಡೂವರೆಗೆ ಸಮಿತಿಗೆ ಊರ್ಮಿಳೆಯ ಉತ್ತರ ಬೇಕು. "ಮಾವ ಬೇಡ ಅಂದರೆ ಬೇಡ" ಎಂದು ಅವಳು ಗಂಡನಿಗೆ ಹೇಳಿದ್ದು ಅವಧಾನಿಗಳ ಕಿವಿಗೂ ಬಿದ್ದಿತ್ತು. ಹಟ ಹಿಡಿಯುವ ಸೊಸೆಯಾಗಿದ್ದರೆ ಅವರಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ಎಂತ ಅವಧಾನಿಗಳೇ, ಮುಖ ಸಣ್ಣ ಮಾಡಿದ್ದೀರಿ?" ಹಗ್ಗ ಕೊಟ್ಟ ಪಕ್ಕದ ಮನೆಯ ಡೊರೊಥಿ ಬೇಲಿಯಾಚೆಯಿಂದ ಕೇಳಿದರು. ಮಂಗಳೂರಿನವರು, ಇಲ್ಲಿಯ ಸಣ್ಣ ಆಸ್ಪತ್ರೆಯ ನರ್ಸು. "ಮನೆ ಎಲ್ಲಿಗೂ ಓಡಿಹೋಗುದಿಲ್ಲ. ಬನ್ನಿ, ಊರು ತೋರಿಸ್ತೇನೆ."

ಸಿಡ್ನಿಯಲ್ಲಿ ಸೇತುವೆಯನ್ನು ಕಂಡಾಗಲೂ ಅವಧಾನಿಗಳ ಬಾಯಿಂದ ಹೊಗಳಿಕೆ ಹೊರಟಿರಲಿಲ್ಲ. ಇಲ್ಲಿ ಮಾತ್ರ ಅವರ ನಡಿಗೆ ತಾನಾಗಿಯೇ ನಿಧಾನವಾಯಿತು. ಅಂಗಡಿಗಳ ಜಗಲಿಗಳ ಮೇಲೆ ಎರಕದ ಕಬ್ಬಿಣ ಕಸೂತಿಯಂತೆ ಇಳಿಬಿದ್ದಿತ್ತು. ದಿನವಿಡೀ ಮಣ್ಣು ಅಗೆದವರು ಸಂಜೆ ಓದಲೆಂದು ತಾವೇ ಚಂದಾ ಎತ್ತಿ ಕಟ್ಟಿದ ಪುಸ್ತಕಶಾಲೆ ಇನ್ನೂ ತೆರೆದಿತ್ತು. ಊರ ಹೊರದಾರಿಯ ಎರಡೂ ಬದಿಗೆ ಸಾಲುಮರ. ಒಂದೊಂದು ಮರದ ಬುಡದಲ್ಲಿ ಯುದ್ಧದಲ್ಲಿ ಮಡಿದ ಒಬ್ಬೊಬ್ಬ ಹುಡುಗನ ಹೆಸರು. ವೀರಗಲ್ಲುಗಳ ನಾಡಿನಿಂದ ಬಂದ ಅವಧಾನಿಗಳು ಚಪ್ಪಲಿ ಕಳಚಿ ಒಂದು ಮರವನ್ನು ಮುಟ್ಟಿದರು. "ಕಲ್ಲಿನ ಬದಲು ನೆರಳನ್ನು ನಿಲ್ಲಿಸಿದ್ದಾರೆ," ಎಂದರು ಮೆಲ್ಲಗೆ.

ದಾರಿಯಲ್ಲಿ ಸಿಕ್ಕಿದ ಮುದುಕರೊಬ್ಬರು ಹ್ಯಾಟು ತೆಗೆದು, ಡಾಕ್ಟರ್ ಇಲ್ಲೇ ಉಳಿಯುತ್ತಾರೆಯೇ ಎಂದು ಊರ್ಮಿಳೆಯನ್ನು ಕೇಳಿದರು. ಅವಳು ಬರಿದೆ ನಕ್ಕಳು.

"ಹೋದ ಸಲ ಒಂದು ತಿಂಗಳು ಬದಲಿ ಡಾಕ್ಟರಾಗಿ ಬಂದು ಇದ್ದರಲ್ಲ ಇವರು," ಎಂದರು ಡೊರೊಥಿ. "ಅವತ್ತಿಂದ ಜನ ನನ್ನ ಜೀವ ತಿಂತಾರೆ."

ಉದ್ಯಾನದಲ್ಲೊಂದು ಕಲ್ಲಿನ ನೆರಳುಗಡಿಯಾರವಿತ್ತು. ಅವಧಾನಿಗಳು ಬಗ್ಗಿ ನೋಡಿ ಹುಬ್ಬು ಗಂಟಿಕ್ಕಿದರು. "ಅಂಕಿಗಳನ್ನು ತಿರುವುಮುರುವಾಗಿ ಕೆತ್ತಿಬಿಟ್ಟಿದ್ದಾರೆ. ಇಷ್ಟು ಕಾಲ ಯಾರೂ ನೋಡಿಲ್ಲವೇ?"

"ಕೇಸು ಹಾಕೋಣವಾ?" ಎಂದರು ಡೊರೊಥಿ.

ಅವಧಾನಿಗಳು ತಲೆಯೆತ್ತಿ ಕಣ್ಣಿಗೆ ಕೈ ಮರೆಮಾಡಿದರು. ಸೂರ್ಯನನ್ನು ನೋಡಿದರು, ಅವನು ಉತ್ತರದಲ್ಲಿದ್ದ. ಅವನಿಗೆದುರಾಗಿ ನಿಂತರೆ ಮೂಡಣ ಬಲಕ್ಕೆ, ಪಡುವಣ ಎಡಕ್ಕೆ. ನೆರಳು ಕದಲುವುದನ್ನು ಕಾಣುವವರೆಗೂ ಅಲ್ಲಿಯೇ ನಿಂತರು. ಅದು ಅಪ್ರದಕ್ಷಿಣವಾಗಿಯೇ ತಿರುಗುತ್ತಿತ್ತು, ಕೆತ್ತಿದ ಅಂಕಿಗಳ ಜಾಡಿನಲ್ಲೇ. ಭೂಮಧ್ಯರೇಖೆಯ ದಕ್ಷಿಣಕ್ಕೆ ಹೀಗಾಗುತ್ತದೆಂದು ಅವರೇ ಎಷ್ಟೋ ಶಿಷ್ಯರಿಗೆ ಪಾಠ ಹೇಳಿದ್ದರು.

"ಕಲ್ಲು ಸರಿಯಾಗಿದೆ," ಎಂದರು. "ನಾನು ಬಾಯಿಪಾಠ ಮಾಡಿದ್ದೆ, ಅಷ್ಟೆ."

ಹೃಷಿಕೇಶ ಅವಕಾಶ ಬಿಡಲಿಲ್ಲ. "ಹಾಗಾದರೆ ಯಮನೂ ಇಲ್ಲಿ ದಿಕ್ಕು ಬದಲಾಯಿಸಿರಬೇಕು ಅಪ್ಪ."

"ಅಷ್ಟು ಸುಲಭಕ್ಕೆ ತಪ್ಪಿಸಿಕೊಳ್ಳಬೇಡ. ಯಮ ಎಲ್ಲೂ ಹೋಗಿಲ್ಲ. ದಕ್ಷಿಣ ದಕ್ಷಿಣವೇ."

ಮನೆಗೆ ಮರಳಿದಾಗ ಅವಧಾನಿಗಳು ಹಗ್ಗವನ್ನು ಮುಟ್ಟಲಿಲ್ಲ. ಬೆಳಿಗ್ಗೆ ಪದ ಎಣಿಸುವ ಭರದಲ್ಲಿ ಬಾಗಿಲನ್ನೇ ಅವರು ಸರಿಯಾಗಿ ನೋಡಿರಲಿಲ್ಲ. ಕಲ್ಲಿನ ಹೊಸ್ತಿಲು ನಡುವೆ ಸವೆದು ಬೋಗುಣಿಯಂತಾಗಿತ್ತು. ಪಕ್ಕದಲ್ಲೊಂದು ಹಿತ್ತಾಳೆಯ ಗುಂಡಿ. ಸುತ್ತ ಕಿಲುಬು ಹಿಡಿದಿದ್ದರೂ ಗುಂಡಿ ಮಾತ್ರ ಕೈತಾಗಿ ತಾಗಿ ಹೊಳೆಯುತ್ತಿತ್ತು.

"ಅದು ರಾತ್ರಿಯ ಗಂಟೆ," ಎಂದರು ಡೊರೊಥಿ. "ಹೊತ್ತಲ್ಲದ ಹೊತ್ತಿನಲ್ಲಿ ಬರುವವರು ಎಳೆಯುದು. ಮಗುವಿಗೆ ಉಸಿರು ಸಿಕ್ಕುದಿಲ್ಲ, ಗಣಿಯಲ್ಲಿ ಮಣ್ಣು ಕುಸಿದಿದೆ, ಹೆರಿಗೆ ನೋವು ಬಂದಿದೆ. ಎಲ್ಲರೂ ಇದೇ ಬಾಗಿಲಿಗೆ ಬಂದದ್ದು."

ಅವಧಾನಿಗಳು ಹೊಸ್ತಿಲ ತಗ್ಗಿನಲ್ಲಿ ಅಂಗೈ ಇಟ್ಟರು. ಇಷ್ಟು ಕಲ್ಲನ್ನು ಸವೆಸಿದ ಕಾಲುಗಳಲ್ಲಿ ಒಂದಾದರೂ ನೆಮ್ಮದಿಯಿಂದ ಬಂದದ್ದಿರಲಾರದು.

ಊರ್ಮಿಳಾ ಹತ್ತಿರ ಬಂದಳು. "ಮಾವ, ನಿಮ್ಮ ಮನಸ್ಸಿಗೆ ಒಪ್ಪದಿದ್ದರೆ ಮೆಲ್ಬರ್ನ್ ಆಸ್ಪತ್ರೆ ಇದ್ದೇ ಇದೆ. ನನಗೇನೂ ಬೇಜಾರಿಲ್ಲ."

"ಸುಳ್ಳು ಹೇಳಬೇಡಮ್ಮ, ನಿನಗೆ ಬರುವುದಿಲ್ಲ." ಅವರು ಮೊಣಕಾಲು ಹಿಡಿದು ಎದ್ದರು. "ಶಾಸ್ತ್ರ ಹೇಳಿದ್ದು ನಿಜ. ಇದು ಯಮನ ಪದವೇ. ಬೇರೆ ಯಾರಾದರೂ ಕೊಳ್ಳುವುದಿದ್ದರೆ ಬೇಡವೆನ್ನುತ್ತಿದ್ದೆ. ಆದರೆ ಅವನು ಬರುವ ದಾರಿಯಲ್ಲಿ ಅಡ್ಡ ನಿಲ್ಲುವವರು ಯಾರಾದರೂ ಬೇಕಲ್ಲ? ಇಷ್ಟು ದಿನ ಇಲ್ಲಿ ಯಾರಾದರೊಬ್ಬರು ನಿಂತಿದ್ದರು. ಈಗ ಒಂದು ವರ್ಷದಿಂದ ಯಾರೂ ಇಲ್ಲ."

ಊರ್ಮಿಳಾ ಕಣ್ಣೊರೆಸಿಕೊಂಡು ಅವರ ಕಾಲು ಮುಟ್ಟಲು ಬಾಗಿದಳು.

"ಅದೆಲ್ಲ ಆಮೇಲೆ. ಸಮಿತಿಯವರು ಕಾಯುತ್ತಿರುತ್ತಾರೆ, ಹೊರಡು. ಶನಿವಾರ, ರಾಹುಕಾಲ ಬೆಳಿಗ್ಗೆಯೇ ಕಳೆದಿದೆ."

ಹೃಷಿಕೇಶ ಗಡಿಯಾರ ನೋಡಿಕೊಂಡ. "ಯಾವ ಲೆಕ್ಕದಲ್ಲಿ ಅಪ್ಪ? ಇಲ್ಲಿ ಎರಡು ಗಂಟೆ ಅಂದರೆ ಮೈಸೂರಲ್ಲಿ ಒಂಬತ್ತೂವರೆ. ರಾಹುಕಾಲ ಈಗ ನಡೀತಿದೆ."

"ಮೈಸೂರಿಗೆ ನಡೆಯಲಿ," ಎಂದರು ಅವಧಾನಿಗಳು. "ನಾವು ಮನೆ ಕೊಳ್ಳುತ್ತಿರುವುದು ಇಲ್ಲಿ."